ಅಮೆರಿಕದ ಕಾಲೇಜು ತಂಡದಲ್ಲಿ ದೌರ್ಜನ್ಯ ನಡೆದು ಮುಚ್ಚಿಹಾಕಿದರೆ: ದೂರು ಎಲ್ಲಿ, ಹೇಗೆ, ಎಷ್ಟು ದಿನದೊಳಗೆ?

"ಮಗಳು ಅಮೆರಿಕದ ಕಾಲೇಜಿನಲ್ಲಿ ಈಜು ತಂಡದಲ್ಲಿದ್ದಾಳೆ. ಆಟಗಾರರ ಗಾಯ, ನೋವು ನೋಡಿಕೊಳ್ಳುವ ಟ್ರೇನರ್ ನಡವಳಿಕೆ ಸರಿಯಿಲ್ಲ ಅಂತ ಕೋಚ್‌ಗೆ ಹೇಳಿದಳು. ನಾವೇ ನೋಡಿಕೊಳ್ಳುತ್ತೇವೆ ಅಂದರು. ಮೂರು ತಿಂಗಳಾಯಿತು, ಏನೂ ಆಗಲಿಲ್ಲ. ಈಗ ಯಾರನ್ನು ಕೇಳಬೇಕು?"

ಹೆಸರು, ಊರು, ಆಟ ಬದಲಾಗುತ್ತವೆ, ಪ್ರಶ್ನೆ ಮಾತ್ರ ಇದೇ. ಅಲ್ಲೇ ಹುಟ್ಟಿ ಬೆಳೆದ ಮಕ್ಕಳ ತಂದೆತಾಯಿ ಕೇಳುತ್ತಾರೆ. ಬೆಂಗಳೂರು, ಮೈಸೂರಿನಲ್ಲಿ ಕೂತು ಫೋನಿನಲ್ಲೇ ಎಲ್ಲ ಕೇಳಿಸಿಕೊಳ್ಳುವ ಪೋಷಕರೂ ಕೇಳುತ್ತಾರೆ. ಅದಕ್ಕೇ ಒಂದೇ ಕಡೆ ಬರೆದಿಡುತ್ತಿದ್ದೇನೆ. ಇಲ್ಲಿರುವುದು ಅಮೆರಿಕದ ಕಾಲೇಜುಗಳ ಮಾತು. ಕರ್ನಾಟಕದ ಕಾಲೇಜಿನಲ್ಲಿ ನಡೆದದ್ದಾದರೆ ಆಂತರಿಕ ದೂರು ಸಮಿತಿ, ಪೋಕ್ಸೋ ಅಂತ ದಾರಿಯೇ ಬೇರೆ, ಅದನ್ನು ಇಲ್ಲಿ ಬೆರೆಸಿಲ್ಲ. ಇನ್ನೊಂದು ಮಾತು. ಇದು ವಕೀಲರ ಸಲಹೆಗೆ ಬದಲಿ ಅಲ್ಲ. ವಕೀಲರ ಹತ್ತಿರ ಹೋಗುವ ಮೊದಲು ನಿಮಗೆ ಗೊತ್ತಿರಬೇಕಾದದ್ದು ಅಷ್ಟೇ.

ಮೊದಲು, ಮುಚ್ಚಿಹಾಕುವುದು ಹೇಗೆ ನಡೆಯುತ್ತದೆ?

ಬಾಗಿಲು ಹಾಕಿಕೊಂಡು ನಾಲ್ಕು ಜನ ಪಿತೂರಿ ಮಾಡುತ್ತಾರೆ ಅಂದುಕೊಂಡಿರುತ್ತೇವೆ. ಎಷ್ಟೋ ಸಲ ಅಷ್ಟೆಲ್ಲ ಬೇಕಾಗುವುದೇ ಇಲ್ಲ. ದೂರು ಬಾಯಿಮಾತಿನಲ್ಲೇ ಉಳಿದರೆ ಸಾಕು. ಆ ಮಾತು ಕ್ರೀಡಾ ವಿಭಾಗದ ಒಳಗೇ ಸುತ್ತಿದರೆ ಸಾಕು.

ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಕಥೆ ನೋಡಿ. ಜೆರಿ ಸ್ಯಾಂಡಸ್ಕಿ ಅಲ್ಲಿನ ಫುಟ್‌ಬಾಲ್ ತಂಡದ ಸಹಾಯಕ ಕೋಚ್ ಆಗಿದ್ದವನು. ಬಡ ಮಕ್ಕಳಿಗಾಗಿ ಒಂದು ಸೇವಾ ಸಂಸ್ಥೆಯನ್ನೂ ಕಟ್ಟಿದ್ದ. 2001ರಲ್ಲಿ ತಂಡದ ಕಟ್ಟಡದ ಸ್ನಾನದ ಕೋಣೆಯಲ್ಲಿ ಅವನು ಒಬ್ಬ ಹುಡುಗನ ಜೊತೆ ಇದ್ದದ್ದನ್ನು ಮೈಕ್ ಮೆಕ್‌ಕ್ವೀರಿ ಎಂಬ ಕಿರಿಯ ಸಹಾಯಕ ಕಂಡರು. ಮರುದಿನವೇ ಮುಖ್ಯ ಕೋಚ್ ಜೋ ಪಟೆರ್ನೊಗೆ ಹೇಳಿದರು. ಪಟೆರ್ನೊ ಅಥ್ಲೆಟಿಕ್ ಡೈರೆಕ್ಟರ್‌ಗೆ, ಅಂದರೆ ಕಾಲೇಜಿನ ಇಡೀ ಕ್ರೀಡಾ ವಿಭಾಗದ ಮುಖ್ಯಸ್ಥರಿಗೆ ಹೇಳಿದರು. ಅಲ್ಲಿಂದ ಉಪಾಧ್ಯಕ್ಷರಿಗೆ, ಅಲ್ಲಿಂದ ಅಧ್ಯಕ್ಷ ಗ್ರಹಾಂ ಸ್ಪೇನಿಯರ್‌ಗೆ. ಮಾತು ಮೆಟ್ಟಿಲು ಹತ್ತುತ್ತಲೇ ಹೋಯಿತು, ಕಟ್ಟಡದ ಹೊರಗೆ ಮಾತ್ರ ಬರಲಿಲ್ಲ. ಪೊಲೀಸರಿಗೂ ಹೇಳಲಿಲ್ಲ, ಮಕ್ಕಳ ರಕ್ಷಣಾ ಇಲಾಖೆಗೂ ಹೇಳಲಿಲ್ಲ. ಮಕ್ಕಳನ್ನು ಇಲ್ಲಿಗೆ ಕರೆತರಬೇಡ ಅಂತ ಸ್ಯಾಂಡಸ್ಕಿಗೆ ಹೇಳಿ ಕೈತೊಳೆದುಕೊಂಡರು. ಅವನ ಬಂಧನವಾದದ್ದು 2011ರ ನವೆಂಬರ್‌ನಲ್ಲಿ. 2012ರಲ್ಲಿ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ 45 ಆರೋಪಗಳು ಸಾಬೀತಾಗಿ, 30ರಿಂದ 60 ವರ್ಷ ಶಿಕ್ಷೆಯಾಯಿತು.

ಮೇಲಿನವರಿಗೆ ಏನಾಯಿತು? ಅವರನ್ನು ಹಿಡಿದುಕೊಟ್ಟದ್ದು ಅವರದೇ ಹಳೆಯ ಇಮೇಲ್‌ಗಳು. ಈ ಉಪಾಯ ಫಲಿಸದಿದ್ದರೆ, ದೂರು ಕೊಡಲಿಲ್ಲವೆಂಬ ತಪ್ಪು ನಮ್ಮ ತಲೆಗೆ ಬರುತ್ತದೆ ಎಂಬರ್ಥದ ಮಾತನ್ನು ಸ್ಪೇನಿಯರ್ 2001ರಲ್ಲೇ ಬರೆದಿದ್ದರು. ಅಥ್ಲೆಟಿಕ್ ಡೈರೆಕ್ಟರ್ ಮತ್ತು ಉಪಾಧ್ಯಕ್ಷರು 2017ರಲ್ಲಿ ತಪ್ಪೊಪ್ಪಿಕೊಂಡರು. ಮೂವರಿಗೂ ಜೈಲಾಯಿತು, ತಿಂಗಳುಗಳ ಲೆಕ್ಕದಲ್ಲಿ.

ಹಾಗಾಗಿ ಈ ಲೇಖನದಲ್ಲಿ ನಾನು ಮತ್ತೆ ಮತ್ತೆ ಹೇಳುವುದು ಎರಡೇ ಮಾತು. ಮಾತು ಕಾಗದಕ್ಕೆ ಇಳಿಯಲಿ. ಕಾಗದ ಕ್ರೀಡಾ ವಿಭಾಗದ ಹೊರಗೆ ಹೋಗಲಿ.

ಕೈಯಲ್ಲಿ ಇರಬೇಕಾದದ್ದು

ಕಾಲೇಜಿನದ್ದಲ್ಲದ ಒಂದು ಹೊಸ ಇಮೇಲ್ ವಿಳಾಸ. ಕಾಲೇಜಿನ ಇಮೇಲ್ ಕಾಲೇಜಿನ ಕೈಯಲ್ಲಿರುತ್ತದೆ, ಓದು ಮುಗಿದ ಮೇಲೆ ಖಾತೆಯೇ ಮುಚ್ಚಿಹೋಗಬಹುದು. ದಿನಾಂಕ ಹಾಕಿ ಬರೆಯಲು ಒಂದು ನೋಟ್‌ಪುಸ್ತಕ. ಸ್ಕಾಲರ್‌ಷಿಪ್ ಪತ್ರ ಮತ್ತು ತಂಡದ ನಿಯಮಪುಸ್ತಕದ ಪ್ರತಿ. ಜೊತೆಗೆ ತಂಡಕ್ಕೆ ಸೇರದ, ಬಾಯಿ ಬಿಗಿಯಿರುವ ಒಬ್ಬ ಸ್ನೇಹಿತ ಅಥವಾ ಸ್ನೇಹಿತೆ. ಈ ಕೊನೆಯದು ಸಿಗುವುದೇ ಕಷ್ಟ.

ಹಂತ 1: ಮೊದಲು ಜೀವ, ಆಮೇಲೆ ದೂರು

ಅಪಾಯ ಈಗಲೇ ಇದ್ದರೆ 911. ಲೈಂಗಿಕ ಹಲ್ಲೆ ಇತ್ತೀಚೆಗೆ ನಡೆದಿದ್ದರೆ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ "ಫೊರೆನ್ಸಿಕ್ ಪರೀಕ್ಷೆ ಬೇಕು" ಎನ್ನಿ. ಮೈಮೇಲಿನ ಸಾಕ್ಷ್ಯವನ್ನು ತರಬೇತಾದ ನರ್ಸ್ ಸಂಗ್ರಹಿಸಿ ಸೀಲ್ ಮಾಡುವ ಪರೀಕ್ಷೆ ಇದು. ಹಲವು ರಾಜ್ಯಗಳಲ್ಲಿ 120 ಗಂಟೆಯವರೆಗೆ ಮಾಡುತ್ತಾರೆ, ಕೆಲವು ಕಡೆ ಅಷ್ಟು ಸಮಯ ಇರುವುದಿಲ್ಲ. ಎಷ್ಟು ಬೇಗ ಹೋದರೆ ಅಷ್ಟು ಒಳ್ಳೆಯದು. ಸಾಧ್ಯವಾದರೆ ಹೋಗುವ ಮುಂಚೆ ಸ್ನಾನ ಮಾಡಬೇಡಿ. ಬಟ್ಟೆ ಒಗೆಯದೆ ಕಾಗದದ ಚೀಲದಲ್ಲಿ ಹಾಕಿಕೊಂಡು ಹೋಗಿ.

ಪರೀಕ್ಷೆಗೆ ಹಣ ಕೊಡಬೇಕಾಗಿಲ್ಲ. ಪೊಲೀಸ್ ದೂರು ಕೊಡಲೇಬೇಕು ಅಂತಲೂ ಇಲ್ಲ. ಇನ್ಶೂರೆನ್ಸ್ ಬಿಲ್ ಮನೆಗೆ ಬಂದು ಎಲ್ಲರಿಗೂ ಗೊತ್ತಾಗುತ್ತದೆ ಅಂತ ಹೆದರಿ ಸುಮ್ಮನಾಗುವ ಮಕ್ಕಳಿದ್ದಾರೆ, ಅದಕ್ಕೇ ಇದನ್ನು ಒತ್ತಿ ಹೇಳುತ್ತಿದ್ದೇನೆ.

ರಾತ್ರಿ ಎರಡು ಗಂಟೆಗೆ ಯಾರ ಹತ್ತಿರವಾದರೂ ಮಾತಾಡಬೇಕು ಅನ್ನಿಸಿದರೆ ರೈನ್ ಸಂಸ್ಥೆಯ ರಾಷ್ಟ್ರೀಯ ಸಹಾಯವಾಣಿ ಇದೆ: 800-656-4673. ಹೆಸರು ಹೇಳಬೇಕಾಗಿಲ್ಲ.

ಸಂತ್ರಸ್ತರಿಗೆ 18 ತುಂಬಿರದಿದ್ದರೆ ಕಾಲೇಜಿಗೆ ಮೊದಲು ಹೇಳುವ ಪ್ರಶ್ನೆಯೇ ಇಲ್ಲ. ನೇರವಾಗಿ ಪೊಲೀಸರಿಗೆ ಅಥವಾ ರಾಜ್ಯದ ಮಕ್ಕಳ ರಕ್ಷಣಾ ಇಲಾಖೆಗೆ ಹೇಳಿ. ಬೇಸಿಗೆ ಕ್ರೀಡಾ ಶಿಬಿರಗಳಿಗೆ ಹೋಗುವ ಶಾಲಾ ಮಕ್ಕಳೂ ಇದರಲ್ಲಿ ಬರುತ್ತಾರೆ.

ಹಂತ 2: ಯಾರಿಗೆ ಹೇಳಿದರೆ ಗುಟ್ಟು ಉಳಿಯುತ್ತದೆ, ಯಾರಿಗೆ ಹೇಳಿದರೆ ಉಳಿಯುವುದಿಲ್ಲ

ಇಲ್ಲಿ ಜಾಸ್ತಿ ಜನ ಎಡವುತ್ತಾರೆ. ಕಾಲೇಜಿನ ಆಪ್ತಸಲಹೆಗಾರರು, ವೈದ್ಯರು, ಧರ್ಮಗುರುಗಳು ಸಾಮಾನ್ಯವಾಗಿ ನಿಮ್ಮ ಮಾತನ್ನು ಗುಟ್ಟಾಗಿಡುತ್ತಾರೆ. ಕೋಚ್, ಟ್ರೇನರ್, ಹಾಸ್ಟೆಲ್ ಮೇಲ್ವಿಚಾರಕರು, ಪ್ರೊಫೆಸರ್‌ಗಳು ಹಾಗಲ್ಲ. ತಮಗೆ ಗೊತ್ತಾದದ್ದನ್ನು ಮೇಲೆ ತಿಳಿಸಲೇಬೇಕು ಅಂತ ಬಹಳಷ್ಟು ಕಾಲೇಜುಗಳು ಅವರಿಗೆ ನಿಯಮ ಮಾಡಿವೆ. ಮಾತಾಡುವ ಮೊದಲೇ ನೇರವಾಗಿ ಕೇಳಿಬಿಡಿ: "ಇದು ನಮ್ಮಿಬ್ಬರಲ್ಲೇ ಉಳಿಯುತ್ತದೆಯೇ, ಅಥವಾ ನೀವು ವರದಿ ಮಾಡಬೇಕೇ?"

ಎಚ್ಚರಿಕೆ: ಕೋಚ್‌ಗೆ ಹೇಳಿದ್ದೇವೆ, ಇನ್ನು ಅದು ದೂರು ಆದಂತೆಯೇ ಅಂದುಕೊಳ್ಳಬೇಡಿ. ನಿಯಮ ಅವರಿಗಿದೆ, ಪಾಲಿಸಿದ್ದಾರೋ ಇಲ್ಲವೋ ನಿಮಗೆ ಗೊತ್ತಾಗುವುದಿಲ್ಲ. ಚಿಕಿತ್ಸೆಯ ನೆಪದಲ್ಲಿ ಆಟಗಾರ್ತಿಯರ ಮೇಲೆ ಲೈಂಗಿಕ ದೌರ್ಜನ್ಯ ಮಾಡುತ್ತಿದ್ದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ವೈದ್ಯ ಲ್ಯಾರಿ ನಾಸರ್ ಬಗ್ಗೆ ಜಿಮ್ನಾಸ್ಟಿಕ್ಸ್ ಕೋಚ್‌ಗೆ 1997ರಲ್ಲೇ ಹೇಳಿದ್ದಾಗಿ ಅಂದಿನ ಹುಡುಗಿಯೊಬ್ಬರು ಮುಂದೆ ನುಡಿದರು. ಅವನು ಸಿಕ್ಕಿಬಿದ್ದದ್ದು 2016ರಲ್ಲಿ.

ತಂದೆತಾಯಿಗೊಂದು ಮಾತು. ಮಗುವಿಗೆ 18 ತುಂಬಿ ಅಥವಾ ಕಾಲೇಜು ಸೇರಿದ ಮೇಲೆ ಫರ್ಪಾ ಎಂಬ 1974ರ ಕಾನೂನಿನ ಪ್ರಕಾರ ಶೈಕ್ಷಣಿಕ ದಾಖಲೆಗಳ ಹಕ್ಕು ವಿದ್ಯಾರ್ಥಿಯದ್ದು, ನಿಮ್ಮದಲ್ಲ. ಫೀಸು ಕಟ್ಟುವವರು ನಾವು ಅಂತ ಎಷ್ಟು ಜೋರು ಮಾಡಿದರೂ ಕಾಲೇಜು "ಹೇಳಲಾಗುವುದಿಲ್ಲ" ಎನ್ನಬಹುದು. ಮಗ ಅಥವಾ ಮಗಳಿಂದ ಲಿಖಿತ ಒಪ್ಪಿಗೆ ಕೊಡಿಸಿ, ಆಮೇಲೆ ಕೇಳಿ. ಅದಕ್ಕೂ ಮುಂಚೆ ಇನ್ನೊಂದಿದೆ. ದೂರು ಕೊಡಬೇಕೋ ಬೇಡವೋ ಅನ್ನುವ ತೀರ್ಮಾನ ಅವರದ್ದು. "ಮನೆ ಮರ್ಯಾದೆ" ಎಂಬ ಪದವನ್ನು ಈ ಮಾತುಕತೆಯಲ್ಲಿ ತರಲೇಬೇಡಿ. ಕ್ರೀಡಾ ವಿಭಾಗದವರು "ಕಾಲೇಜಿನ ಮರ್ಯಾದೆ" ಅಂತ ಹೇಳುವುದೂ ಇದನ್ನೇ ಅಲ್ವಾ?

ಹಂತ 3: ಬರೆಯಿರಿ

ನೆನಪಿರುವಾಗಲೇ ಬರೆಯಿರಿ. ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಜಾಗ, ಯಾರು ಏನು ಮಾಡಿದರು, ಏನು ಹೇಳಿದರು, ಯಾರು ಅಲ್ಲಿದ್ದರು. ಆಮೇಲೆ ಯಾರಿಗೆ ಹೇಳಿದಿರಿ, ಅವರು ಏನಂದರು. ಮುಚ್ಚಿಹಾಕಿದ್ದು ಸಾಬೀತಾಗುವುದು ಈ ಕೊನೆಯ ಎರಡು ಸಾಲುಗಳಿಂದಲೇ. ಘಟನೆಯ ವಿವರವನ್ನು ಎಲ್ಲರೂ ಬರೆಯುತ್ತಾರೆ, ಇದನ್ನು ಬರೆಯಲು ಮರೆಯುತ್ತಾರೆ. ಇಂಗ್ಲಿಷಿನಲ್ಲಿ ತೊಡಕಾದರೆ ಮೊದಲು ಕನ್ನಡದಲ್ಲೇ ಬರೆದಿಡಿ, ದಿನಾಂಕ ಇರಲಿ ಅಷ್ಟೇ.

ವಾಟ್ಸಾಪ್, ಸ್ನ್ಯಾಪ್‌ಚಾಟ್ ಸಂದೇಶಗಳ ಸ್ಕ್ರೀನ್‌ಶಾಟ್ ತೆಗೆಯಿರಿ. ಕಳಿಸಿದವರ ಹೆಸರು, ದಿನಾಂಕ, ಸಮಯ ಕಾಣುವಂತಿರಲಿ. ಮೂಲ ಸಂದೇಶವನ್ನು ಅಳಿಸಬೇಡಿ. ಕೋಪ ಬಂದು ಎಲ್ಲ ಡಿಲೀಟ್ ಮಾಡಿಬಿಟ್ಟೆ ಅನ್ನುವವರೂ ಇದ್ದಾರೆ.

ಯಾರ ಜೊತೆಗಾದರೂ ಬಾಯಿಮಾತಿನ ಸಭೆ ಆದರೆ, ಅದೇ ದಿನ ಒಂದು ಚಿಕ್ಕ ಇಮೇಲ್ ಕಳಿಸಿ. ಅದರಲ್ಲಿ ಇಷ್ಟಿದ್ದರೆ ಸಾಕು: "ಇಂದು ಮಧ್ಯಾಹ್ನ 3ಕ್ಕೆ ನಿಮ್ಮ ಕಚೇರಿಯಲ್ಲಿ ಭೇಟಿಯಾದೆ. ಈ ವಿಷಯ ತಿಳಿಸಿದೆ. ನೀವು ಹೀಗೆ ಮಾಡುವುದಾಗಿ ಹೇಳಿದಿರಿ. ನಾನು ಅರ್ಥ ಮಾಡಿಕೊಂಡದ್ದು ತಪ್ಪಿದ್ದರೆ ತಿಳಿಸಿ." ಅವರು ಉತ್ತರ ಕೊಡದಿದ್ದರೂ ಅದು ದಾಖಲೆಯೇ. ನಿಮ್ಮ ಹೊಸ ವಿಳಾಸಕ್ಕೂ ಒಂದು ಪ್ರತಿ ಹೋಗಲಿ.

ಎಚ್ಚರಿಕೆ: ನಮ್ಮೂರಿನ ಕೆಲವು ಫೋನುಗಳಲ್ಲಿ ಕಾಲ್ ರೆಕಾರ್ಡಿಂಗ್ ತಾನಾಗೇ ಆಗುತ್ತಿರುತ್ತದೆ. ಅಮೆರಿಕದಲ್ಲಿ ಇದು ರಾಜ್ಯಕ್ಕೊಂದು ಥರ. ಕ್ಯಾಲಿಫೋರ್ನಿಯಾ, ಪೆನ್ಸಿಲ್ವೇನಿಯಾ, ವಾಷಿಂಗ್ಟನ್, ಫ್ಲೋರಿಡಾ, ಮೇರಿಲ್ಯಾಂಡ್‌ನಂಥ ರಾಜ್ಯಗಳಲ್ಲಿ ಖಾಸಗಿ ಮಾತುಕತೆ ರೆಕಾರ್ಡ್ ಮಾಡುವುದಕ್ಕೆ ಅದರಲ್ಲಿರುವ ಎಲ್ಲರ ಒಪ್ಪಿಗೆ ಬೇಕು. ಇಲ್ಲದಿದ್ದರೆ ನೀವೇ ಅಪರಾಧಿ ಆಗಬಹುದು. ಸಾಕ್ಷ್ಯ ಸಿಕ್ಕಿತು ಅಂತ ಖುಷಿಪಡುವ ಮೊದಲು ನಿಮ್ಮ ರಾಜ್ಯದ ನಿಯಮ ಕೇಳಿಕೊಳ್ಳಿ.

ಹಂತ 4: ಕ್ರೀಡಾ ವಿಭಾಗದ ಆಚೆಗೆ ದೂರು ಕೊಡಿ

ಕಾಲೇಜಿನ ಒಳಗಿನ ಸರಿಯಾದ ವಿಳಾಸ ಟೈಟಲ್ ನೈನ್ ಸಂಯೋಜಕರದ್ದು. ಟೈಟಲ್ ನೈನ್ ಅಂದರೆ 1972ರ ಒಂದು ಕೇಂದ್ರ ಕಾನೂನು. ಸರ್ಕಾರದ ಹಣ ಪಡೆಯುವ ಶಿಕ್ಷಣ ಸಂಸ್ಥೆಗಳಲ್ಲಿ ಲಿಂಗದ ಕಾರಣಕ್ಕೆ ತಾರತಮ್ಯ ಮಾಡಬಾರದು ಎನ್ನುತ್ತದೆ. ಲೈಂಗಿಕ ಕಿರುಕುಳವೂ ಅದರೊಳಗೇ ಬರುತ್ತದೆ. ಹೀಗೆ ಹಣ ಪಡೆಯುವ ಪ್ರತಿ ಕಾಲೇಜಿನಲ್ಲೂ ಈ ಸಂಯೋಜಕರು ಇರಲೇಬೇಕು, ಹೆಸರು ಮತ್ತು ಇಮೇಲ್ ಕಾಲೇಜಿನ ಜಾಲತಾಣದಲ್ಲಿ ಇರಲೇಬೇಕು.

ದೊಡ್ಡ ತಂಡವೇ ಆಗಬೇಕಿಲ್ಲ. ನಮ್ಮ ಮಕ್ಕಳು ಜಾಸ್ತಿ ಇರುವುದು ಕ್ಲಬ್ ಮಟ್ಟದ ಕ್ರಿಕೆಟ್, ಬ್ಯಾಡ್ಮಿಂಟನ್, ಟೆನಿಸ್‌ನಲ್ಲಿ. ಕಾಲೇಜಿನ ಚಟುವಟಿಕೆಯಾದರೆ ಅದಕ್ಕೂ ಇದು ಅನ್ವಯಿಸುತ್ತದೆ. ಹುಡುಗರಿಗೂ ಅಷ್ಟೇ. "ಗಂಡುಹುಡುಗನಿಗೆ ಏನಾಗುತ್ತದೆ" ಅನ್ನುವವರು ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ 2019ರ ವರದಿಯನ್ನು ನೆನಪಿಡಿ. ತಂಡಗಳ ವೈದ್ಯನಾಗಿದ್ದ ರಿಚರ್ಡ್ ಸ್ಟ್ರಾಸ್ ಕನಿಷ್ಠ 177 ಹುಡುಗರ ಮೇಲೆ ದೌರ್ಜನ್ಯ ಮಾಡಿದ್ದ. ಕುಸ್ತಿಪಟುಗಳೂ ಅವರಲ್ಲಿದ್ದರು.

ಇಲ್ಲಿ ಎರಡು ಪದಗಳ ವ್ಯತ್ಯಾಸ ತಿಳಿದಿರಬೇಕು. "ವರದಿ" ಅಂದರೆ ಹೀಗಾಗಿದೆ ಅಂತ ತಿಳಿಸುವುದು. "ಔಪಚಾರಿಕ ದೂರು" ಅಂದರೆ ನೀವು ಸಹಿ ಮಾಡಿ, ತನಿಖೆ ಮಾಡಿ ಅಂತ ಕೇಳುವುದು. ಬರೀ ವರದಿ ಕೊಟ್ಟು ತನಿಖೆಗಾಗಿ ಕಾಯುತ್ತಾ ಕೂರಬೇಡಿ. ಆದರೆ ವರದಿ ಮಾತ್ರ ಕೊಟ್ಟರೂ ಕಾಲೇಜು ನಿಮಗೆ ನೆರವಿನ ಕ್ರಮಗಳನ್ನು ನೀಡಬೇಕು: ಅಭ್ಯಾಸದ ವೇಳೆ ಬದಲಾವಣೆ, ಆ ವ್ಯಕ್ತಿ ಹತ್ತಿರ ಬರದಂತೆ ಆದೇಶ, ಪರೀಕ್ಷೆಗೆ ಹೆಚ್ಚಿನ ಸಮಯ, ಇಂಥವು. ಇದಕ್ಕೆ ಶುಲ್ಕವಿಲ್ಲ.

ಸದ್ಯ ಜಾರಿಯಲ್ಲಿರುವುದು 2020ರ ನಿಯಮಗಳು. 2024ರಲ್ಲಿ ಬಂದ ಹೊಸ ನಿಯಮಗಳನ್ನು ಕೇಂದ್ರ ನ್ಯಾಯಾಲಯವೊಂದು 2025ರ ಜನವರಿಯಲ್ಲಿ ರದ್ದು ಮಾಡಿತು. ಅಂತರ್ಜಾಲದ ಹಳೆಯ ಲೇಖನ ಓದಿ ಗೊಂದಲ ಮಾಡಿಕೊಳ್ಳಬೇಡಿ. ಈ ನಿಯಮದಲ್ಲಿ ನಿಮಗೆ ಬೇಕಾದವರನ್ನು ಸಲಹೆಗಾರರಾಗಿ ಕರೆತರಬಹುದು, ವಕೀಲರೂ ಆಗಬಹುದು. ಕಾಲೇಜಿನಲ್ಲಿ ವಿಚಾರಣೆ ನಡೆಯುತ್ತದೆ, ಎದುರು ಕಡೆಯ ಸಲಹೆಗಾರರು ಸಂತ್ರಸ್ತರನ್ನು ಪ್ರಶ್ನಿಸುತ್ತಾರೆ. ಅದು ಕಠಿಣ. ಮೊದಲೇ ತಿಳಿದು ತಯಾರಾಗುವುದು ಮೇಲು.

ಮೂರು ಹಳ್ಳಗಳಿವೆ, ನೋಡಿಕೊಂಡು ನಡೆಯಿರಿ.

ಒಂದು, ರಾಜಿ. "ಕೋಚ್ ಕ್ಷಮೆ ಕೇಳುತ್ತಾರೆ, ಇಲ್ಲೇ ಮುಗಿಸೋಣ" ಅನ್ನಬಹುದು. ಸಿಬ್ಬಂದಿಯೊಬ್ಬರು ವಿದ್ಯಾರ್ಥಿಗೆ ಲೈಂಗಿಕ ಕಿರುಕುಳ ಕೊಟ್ಟ ದೂರಿನಲ್ಲಿ ಇಂಥ ಅನೌಪಚಾರಿಕ ರಾಜಿಗೆ ಈ ನಿಯಮಗಳಲ್ಲಿ ಅವಕಾಶವೇ ಇಲ್ಲ. ಹಾಗಂತ ಇಮೇಲ್‌ನಲ್ಲಿ ಬರೆದು ಕಳಿಸಿ.

ಎರಡು, ರಾಜೀನಾಮೆ. ಆರೋಪಿ ಕೆಲಸ ಬಿಟ್ಟರೆ ಕಾಲೇಜು ಕೇಸನ್ನು ಅಲ್ಲಿಗೇ ಕೈಬಿಡಬಹುದು. ಆ ಮನುಷ್ಯ ಇನ್ನೊಂದು ಕಾಲೇಜಿಗೆ ಹೋಗಿ ಸೇರುತ್ತಾನೆ. ಕಾಲೇಜಿಗೆ ಮಾತ್ರ ದೂರು ಕೊಟ್ಟರೆ ಸಾಲದು ಅನ್ನುವುದು ಇದಕ್ಕೇ.

ಮೂರು, ಕತ್ತರಿಸಿದ ವರದಿ. ನಾಸರ್ ವಿರುದ್ಧ 2014ರಲ್ಲಿ ಅಮಾಂಡಾ ಥಾಮಶೋ ಎಂಬ ಪದವೀಧರೆ ದೂರು ಕೊಟ್ಟಿದ್ದರು. ಕಾಲೇಜು ಅಭಿಪ್ರಾಯ ಕೇಳಿದ ವೈದ್ಯಕೀಯ ಪರಿಣತರೆಲ್ಲ ಅದೇ ವಿಶ್ವವಿದ್ಯಾಲಯದ ನಂಟಿನವರು. ಇದು ಚಿಕಿತ್ಸೆಯೇ ಅಂತ ತೀರ್ಮಾನವಾಯಿತು. ಆಮೇಲೆ ಗೊತ್ತಾಯಿತು, ವರದಿಯ ತೀರ್ಮಾನ ಎರಡು ಥರ ಇತ್ತು. ಥಾಮಶೋ ಕೈಗೆ ಬಂದ ಪ್ರತಿಯಲ್ಲಿ, ಈ ವೈದ್ಯನ ರೀತಿಯಿಂದ ರೋಗಿಗಳಿಗೆ ನೋವಾಗಬಹುದು, ಸಂಸ್ಥೆಗೂ ತೊಂದರೆ ಬರಬಹುದು ಅನ್ನುವ ಮಾತುಗಳೇ ಇರಲಿಲ್ಲ. ಹಾಗಾಗಿ ಪೂರ್ತಿ ವರದಿ ಕೇಳಿ. ತನಿಖೆ ಮಾಡಿದವರು, ಪರಿಣತರು ಯಾರು, ಅವರಿಗೂ ಆರೋಪಿಗೂ ಏನು ಸಂಬಂಧ ಅಂತ ಲಿಖಿತವಾಗಿ ಕೇಳಿ. ಬೇಲರ್ ವಿಶ್ವವಿದ್ಯಾಲಯದಲ್ಲಂತೂ 2016ರಲ್ಲಿ ಲೈಂಗಿಕ ಹಲ್ಲೆಯ ದೂರುಗಳನ್ನು ಕಾಲೇಜು ಹೇಗೆ ನಿಭಾಯಿಸಿತು ಅಂತ ನೋಡಿದ ಹೊರಗಿನ ವಕೀಲರ ಸಂಸ್ಥೆ ತನ್ನ ತನಿಖೆಯ ಫಲಿತಾಂಶವನ್ನು ಆಡಳಿತ ಮಂಡಳಿಗೆ ಬಾಯಿಮಾತಿನಲ್ಲೇ ಒಪ್ಪಿಸಿತು. ಪೂರ್ಣ ಲಿಖಿತ ವರದಿ ಅನ್ನುವುದೇ ಇರಲಿಲ್ಲ.

ಲೈಂಗಿಕವಲ್ಲದ ಹಿಂಸೆ, ಅಂದರೆ ಹೊಡೆತ, ಊಟ ನೀರು ತಡೆಯುವುದು, ಹೇಜಿಂಗ್ (ನಮ್ಮ ರ‍್ಯಾಗಿಂಗ್) ಆದರೆ ಟೈಟಲ್ ನೈನ್ ಹಿಡಿಯದೇ ಇರಬಹುದು. ಆಗ ಡೀನ್ ಆಫ್ ಸ್ಟೂಡೆಂಟ್ಸ್, ಅಂದರೆ ವಿದ್ಯಾರ್ಥಿಗಳ ವಿಷಯ ನೋಡಿಕೊಳ್ಳುವ ಡೀನ್ ಕಚೇರಿಗೆ ದೂರು ಕೊಡಿ. 2024ರ ಡಿಸೆಂಬರ್‌ನಲ್ಲಿ ಹೇಜಿಂಗ್ ತಡೆಗೆ ಕೇಂದ್ರ ಕಾನೂನು ಬಂದಿದೆ. ತಪ್ಪಿತಸ್ಥ ಎಂದು ಕಂಡುಬಂದ ಗುಂಪುಗಳ ಹೆಸರನ್ನು ಕಾಲೇಜು ಈಗ ಪ್ರಕಟಿಸಬೇಕು.

ಹಂತ 5: ಪೊಲೀಸ್

ಕಾಲೇಜಿನ ವಿಚಾರಣೆ ಬೇರೆ, ಅಪರಾಧದ ಕೇಸು ಬೇರೆ. ಎರಡನ್ನೂ ಒಟ್ಟಿಗೇ ನಡೆಸಬಹುದು. "ಮೊದಲು ನಮ್ಮ ತನಿಖೆ ಮುಗಿಯಲಿ" ಅಂದರೆ ಕಾಯಬೇಕಾಗಿಲ್ಲ.

ದೊಡ್ಡ ಕಾಲೇಜುಗಳಿಗೆ ಸ್ವಂತ ಕ್ಯಾಂಪಸ್ ಪೊಲೀಸ್ ಇರುತ್ತದೆ. ಅವರೂ ನಿಜವಾದ ಪೊಲೀಸರೇ, ಆದರೆ ಸಂಬಳ ಕೊಡುವುದು ಕಾಲೇಜು. ಕೆಲವರು ಚೆನ್ನಾಗಿ ಕೆಲಸ ಮಾಡಿದ್ದಾರೆ. ನಾಸರ್‌ನನ್ನು ಹಿಡಿದ 2016ರ ತನಿಖೆ ನಡೆಸಿದ್ದು ಕ್ಯಾಂಪಸ್ ಪೊಲೀಸರೇ. ಆದರೂ ನಿಮಗೆ ನಂಬಿಕೆ ಬರದಿದ್ದರೆ ನಗರ ಅಥವಾ ಕೌಂಟಿ ಪೊಲೀಸರ ಹತ್ತಿರ, ಜಿಲ್ಲಾ ಪ್ರಾಸಿಕ್ಯೂಟರ್ ಹತ್ತಿರ ಹೋಗಿ. ದೂರಿನ ಸಂಖ್ಯೆ ಬರೆದುಕೊಳ್ಳದೆ ಎದ್ದು ಬರಬೇಡಿ.

ಇಲ್ಲೊಂದು ಚಿಕ್ಕ ಉಪಾಯ. ಕ್ಲೆರಿ ಕಾಯ್ದೆ ಅಂತ 1990ರ ಕಾನೂನಿದೆ. ಲೀಹೈ ವಿಶ್ವವಿದ್ಯಾಲಯದ ಹಾಸ್ಟೆಲ್ ಕೋಣೆಯಲ್ಲಿ 1986ರಲ್ಲಿ ಕೊಲೆಯಾದ ಜೀನ್ ಕ್ಲೆರಿ ಎಂಬ ವಿದ್ಯಾರ್ಥಿನಿಯ ಹೆಸರಿನದ್ದು. ಇದರ ಪ್ರಕಾರ ಕ್ಯಾಂಪಸ್ ಅಪರಾಧಗಳ ವಾರ್ಷಿಕ ವರದಿಯನ್ನು ಅಕ್ಟೋಬರ್ 1ರೊಳಗೆ ಪ್ರಕಟಿಸಬೇಕು. ಕ್ಯಾಂಪಸ್ ಪೊಲೀಸ್ ಇರುವಲ್ಲಿ ದಿನದಿನದ ಅಪರಾಧ ಪಟ್ಟಿಯನ್ನೂ ಇಡಬೇಕು, ಅದನ್ನು ಯಾರು ಬೇಕಾದರೂ ನೋಡಬಹುದು. ದೂರು ಕೊಟ್ಟು ಒಂದು ವಾರದ ಮೇಲೆ ಹೋಗಿ ಆ ಪಟ್ಟಿ ನೋಡಿ. ನಿಮ್ಮ ಹೆಸರು ಅದರಲ್ಲಿ ಇರುವುದಿಲ್ಲ. ಆದರೆ ಘಟನೆಯ ಬಗೆ, ದಿನ, ಜಾಗ ಇರಬೇಕು. ಇಲ್ಲದಿದ್ದರೆ ಕಾರಣ ಕೇಳಿ. ತನಿಖೆಗೆ ತೊಂದರೆಯಾಗುತ್ತದೆ ಅಂತ ಕೆಲವೊಮ್ಮೆ ತಡೆಹಿಡಿಯಲು ಅವರಿಗೆ ಅವಕಾಶವಿದೆ. ಸರಿಯಾದ ಕಾರಣ ಕೊಡದಿದ್ದರೆ ಮುಂದಿನ ಹಂತಕ್ಕೆ ಒಂದು ಗಟ್ಟಿ ಅಂಶ ಸಿಕ್ಕಿತು ಅಂತ ಲೆಕ್ಕ.

ಹಂತ 6: ಕಾಲೇಜು ಕೇಳಿಸಿಕೊಳ್ಳದಿದ್ದರೆ, ಅದರ ಮೇಲಿನವರು

ಕೇಂದ್ರ ಶಿಕ್ಷಣ ಇಲಾಖೆಯ ನಾಗರಿಕ ಹಕ್ಕುಗಳ ಕಚೇರಿ. ಟೈಟಲ್ ನೈನ್ ಸರಿಯಾಗಿ ಪಾಲಿಸಿಲ್ಲ ಅಂತ ಇಲ್ಲಿ ದೂರು ಕೊಡಬಹುದು. ಹಣ ಬೇಡ, ವಕೀಲರೂ ಬೇಡ. ಸಂತ್ರಸ್ತರೇ ಕೊಡಬೇಕೆಂದಿಲ್ಲ, ತಂದೆತಾಯಿ, ಗೆಳೆಯರು, ತಂಡದವರು ಯಾರೂ ಕೊಡಬಹುದು. ಗಡುವು ಮಾತ್ರ ಬಿಗಿ: ಕೊನೆಯ ಘಟನೆಯಿಂದ 180 ದಿನ. ಕಾಲೇಜಿನ ದೂರು ಪ್ರಕ್ರಿಯೆ ಬಳಸಿದ್ದರೆ ಅದು ಮುಗಿದ ಮೇಲೆ 60 ದಿನದೊಳಗೆ ಬರಬಹುದು. ತಡವಾದರೆ ವಿನಾಯಿತಿ ಕೇಳಬಹುದು, ಆದರೆ ಸಿಕ್ಕೇ ಸಿಗುತ್ತದೆ ಅಂತ ನಂಬಿ ಕೂರಬೇಡಿ. 180ನೇ ದಿನ ಯಾವುದು ಅಂತ ಇವತ್ತೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. 2025ರ ಮಾರ್ಚ್‌ನಲ್ಲಿ ಈ ಕಚೇರಿಯ 12 ಪ್ರಾದೇಶಿಕ ಶಾಖೆಗಳಲ್ಲಿ 7 ಮುಚ್ಚಿದವು. ಉತ್ತರ ನಿಧಾನ, ಅದು ಗೊತ್ತಿರಲಿ. ದೂರು ದಾಖಲಾಗಿರುವುದೇ ಮುಖ್ಯ.

ಕ್ಲೆರಿ ದೂರು. ಇದೂ ಶಿಕ್ಷಣ ಇಲಾಖೆಗೇ, ವಿದ್ಯಾರ್ಥಿ ಹಣಕಾಸು ನೆರವಿನ ವಿಭಾಗಕ್ಕೆ. ಜನ ಇದನ್ನು ಮರೆತೇಬಿಡುತ್ತಾರೆ, ಆದರೆ ಇದಕ್ಕೆ ಹಲ್ಲಿದೆ. ಕೋಚ್, ಅಥ್ಲೆಟಿಕ್ ಡೈರೆಕ್ಟರ್ ಮುಂತಾದವರು ಈ ಕಾನೂನಿನ ಕಣ್ಣಲ್ಲಿ "ಕ್ಯಾಂಪಸ್ ಭದ್ರತಾ ಅಧಿಕಾರಿಗಳು". ಅವರಿಗೆ ಗೊತ್ತಾದ ಅಪರಾಧ ಅಂಕಿಅಂಶದಲ್ಲಿ ಬರಬೇಕು. ಪೆನ್ ಸ್ಟೇಟ್‌ಗೆ 2016ರಲ್ಲಿ ಸುಮಾರು 24 ಲಕ್ಷ ಡಾಲರ್, ಮಿಷಿಗನ್ ಸ್ಟೇಟ್‌ಗೆ 2019ರಲ್ಲಿ 45 ಲಕ್ಷ ಡಾಲರ್ ದಂಡ ಬಿದ್ದದ್ದು ಇದರಡಿಯಲ್ಲೇ.

ಸೇಫ್‌ಸ್ಪೋರ್ಟ್ ಕೇಂದ್ರ. 2017ರಲ್ಲಿ ಶುರುವಾದದ್ದು, ಡೆನ್ವರ್‌ನಲ್ಲಿದೆ. ಒಲಿಂಪಿಕ್ ಕ್ರೀಡಾ ಸಂಸ್ಥೆಗಳ ಸದಸ್ಯರ ಮೇಲೆ ಇದಕ್ಕೆ ಅಧಿಕಾರ. ಕಾಲೇಜು ಅನ್ನುವ ಕಾರಣಕ್ಕೆ ಇದು ಬರುವುದಿಲ್ಲ. ಆದರೆ ಈಜು, ಜಿಮ್ನಾಸ್ಟಿಕ್ಸ್, ಟೆನಿಸ್‌ನ ಎಷ್ಟೋ ಕಾಲೇಜು ಕೋಚ್‌ಗಳು ಆ ರಾಷ್ಟ್ರೀಯ ಸಂಸ್ಥೆಗಳಲ್ಲೂ ಸದಸ್ಯರು. ಶಿಕ್ಷೆಗೊಳಗಾದವರ ಪಟ್ಟಿಯೂ ಅವರ ತಾಣದಲ್ಲಿದೆ. ತಂಡ ಸೇರುವ ಮುಂಚೆಯೇ ಕೋಚ್ ಹೆಸರು ಹಾಕಿ ಹುಡುಕಿ ನೋಡಿ.

ಎನ್‌ಸಿಎಎ, ಅಂದರೆ ಕಾಲೇಜು ಕ್ರೀಡೆಗಳನ್ನು ನಡೆಸುವ ರಾಷ್ಟ್ರೀಯ ಸಂಘ. ಇದರ ಮೇಲೆ ಆಸೆ ಇಟ್ಟುಕೊಳ್ಳಬೇಡಿ. ಪೆನ್ ಸ್ಟೇಟ್‌ಗೆ 6 ಕೋಟಿ ಡಾಲರ್ ದಂಡ ಹಾಕಿತು ನಿಜ. ಪಟೆರ್ನೊ ಲೆಕ್ಕದಿಂದ 111 ಗೆಲುವುಗಳನ್ನು ಕಿತ್ತುಹಾಕಿ, 2015ರಲ್ಲಿ ವಾಪಸ್ ಕೊಟ್ಟಿತು. 2018ರಲ್ಲಿ ಮಿಷಿಗನ್ ಸ್ಟೇಟ್ ತನ್ನ ನಿಯಮ ಮುರಿದಿಲ್ಲ ಅಂದಿತು. 2021ರಲ್ಲಿ ಬೇಲರ್ ವಿಷಯದಲ್ಲೂ, ದೌರ್ಜನ್ಯ ವರದಿ ಮಾಡದಿದ್ದುದು ತನ್ನ ನಿಯಮ ಪುಸ್ತಕದ ವ್ಯಾಪ್ತಿಗೆ ಬರುವುದಿಲ್ಲ ಅಂದಿತು. ಆಟಗಾರನಿಗೆ ಗುಟ್ಟಾಗಿ ಹಣ ಕೊಟ್ಟರೆ ವರ್ಷಗಟ್ಟಲೆ ತನಿಖೆ ಮಾಡಿದ ಸಂಘ ಇದು. ನಿಮಗೇನನ್ನಿಸುತ್ತದೋ ನೀವೇ ನೋಡಿ.

ರಾಜ್ಯದ ಅಟಾರ್ನಿ ಜನರಲ್ ಮತ್ತು ಕಾಲೇಜಿನ ಆಡಳಿತ ಮಂಡಳಿ. ಸ್ಯಾಂಡಸ್ಕಿ ಕೇಸನ್ನು ಕಟ್ಟಿದ್ದು ಅಟಾರ್ನಿ ಜನರಲ್ ಕಚೇರಿ. ಮಂಡಳಿ ಸದಸ್ಯರು ಕೆಲವು ಕಡೆ ನೇಮಕಗೊಂಡವರು, ಕೆಲವು ಕಡೆ ಚುನಾಯಿತರು. ಮಿಷಿಗನ್ ಸ್ಟೇಟ್ ಮಂಡಳಿಯನ್ನು ರಾಜ್ಯದ ಮತದಾರರೇ ಆರಿಸುತ್ತಾರೆ. ಡೆಟ್ರಾಯ್ಟ್ ಸುತ್ತ ಇರುವ, ಪೌರತ್ವ ಪಡೆದ ಕನ್ನಡಿಗರಿಗೆ ಆ ಮತ ಇದೆ. ಮತಪತ್ರದ ಕೆಳಗಡೆ ಇರುವುದರಿಂದ ಹೆಚ್ಚಿನವರು ಗಮನಿಸುವುದೇ ಇಲ್ಲ.

ಹಂತ 7: ದಾಖಲೆ ಹೊರತೆಗೆಯುವುದು, ಪತ್ರಿಕೆ

ನಿಮ್ಮ ಸ್ವಂತ ಶೈಕ್ಷಣಿಕ ದಾಖಲೆ ಕೇಳಿದರೆ ಫರ್ಪಾ ಪ್ರಕಾರ 45 ದಿನದೊಳಗೆ ತೋರಿಸಬೇಕು. ಸರ್ಕಾರಿ ವಿಶ್ವವಿದ್ಯಾಲಯವಾದರೆ ರಾಜ್ಯದ ಮಾಹಿತಿ ಹಕ್ಕು ಕಾನೂನಿನಡಿ ಇಮೇಲ್, ಒಪ್ಪಂದ, ತನಿಖಾ ವರದಿ ಕೇಳಬಹುದು. ನಮ್ಮ ಆರ್‌ಟಿಐ ಥರವೇ, ಆದರೆ ರಾಜ್ಯಕ್ಕೊಂದು ನಿಯಮ. ಖಾಸಗಿ ಕಾಲೇಜಿಗೆ ಇದು ಹಿಡಿಯುವುದಿಲ್ಲ. ಪೆನ್ ಸ್ಟೇಟ್ ಹೆಸರಲ್ಲಿ ಸ್ಟೇಟ್ ಇದ್ದರೂ, ಪೆನ್ಸಿಲ್ವೇನಿಯಾ ಕಾನೂನಿನಲ್ಲಿ ಅದಕ್ಕೆ ಬಹುಮಟ್ಟಿಗೆ ವಿನಾಯಿತಿ ಇದೆ! ಎಲ್ಲಕ್ಕೂ "ಫರ್ಪಾ ಇದೆ, ಕೊಡಲಾಗದು" ಅಂದರೆ ನಂಬಬೇಡಿ. ಕ್ಯಾಂಪಸ್ ಪೊಲೀಸರ ದಾಖಲೆಗಳು ಫರ್ಪಾದಲ್ಲಿ ಬರುವುದಿಲ್ಲ.

ಪತ್ರಿಕೆಗೆ ಹೋಗುವುದು ಕೊನೆಯ ಅಸ್ತ್ರ ಅನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ನಾಸರ್ ಹೊರಬಿದ್ದದ್ದು ಇಂಡಿಯಾನಾಪೊಲಿಸ್ ಸ್ಟಾರ್ ಪತ್ರಿಕೆಯ 2016ರ ವರದಿ ಓದಿ, ಹಿಂದೆ ಅವನಿಂದ ದೌರ್ಜನ್ಯಕ್ಕೆ ಒಳಗಾಗಿದ್ದ ರೇಚಲ್ ಡೆನ್‌ಹಾಲಂಡರ್ ಬರೆದ ಇಮೇಲ್‌ನಿಂದ. ಅವರು ಬರೀ ಪತ್ರಿಕೆಗೆ ಹೇಳಲಿಲ್ಲ, ಪೊಲೀಸರಿಗೂ ಹೋಗಿ ದೂರು ಕೊಟ್ಟರು. 2018ರ ಜನವರಿಯಲ್ಲಿ ನಾಸರ್‌ಗೆ 40ರಿಂದ 175 ವರ್ಷ ಶಿಕ್ಷೆಯಾಗುವ ಹೊತ್ತಿಗೆ 150ಕ್ಕೂ ಹೆಚ್ಚು ಮಂದಿ ನ್ಯಾಯಾಲಯದಲ್ಲಿ ಮಾತಾಡಿದ್ದರು. ವಿಶ್ವವಿದ್ಯಾಲಯದ ಅಧ್ಯಕ್ಷೆ ಅದೇ ದಿನ ರಾಜೀನಾಮೆ ಕೊಟ್ಟರು. ಕಾಲೇಜಿನ ವಿದ್ಯಾರ್ಥಿ ಪತ್ರಿಕೆಯನ್ನೂ ಹಗುರವಾಗಿ ತಿಳಿಯಬೇಡಿ. ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡದ ಹೇಜಿಂಗ್ ವಿವರಗಳನ್ನು 2023ರ ಜುಲೈನಲ್ಲಿ ಬಯಲಿಗೆ ತಂದದ್ದು ವಿದ್ಯಾರ್ಥಿಗಳೇ ನಡೆಸುವ ಪತ್ರಿಕೆ. ಎರಡು ವಾರದ ಅಮಾನತಿನಲ್ಲಿ ಮುಗಿಯಬೇಕಿದ್ದದ್ದು ಎರಡೇ ದಿನದಲ್ಲಿ ಮುಖ್ಯ ಕೋಚ್ ವಜಾ ಆಗುವಲ್ಲಿಗೆ ಬಂತು. ತನಗೇನೂ ಗೊತ್ತಿರಲಿಲ್ಲ ಅಂತ ಆ ಕೋಚ್ ಮೊಕದ್ದಮೆ ಹೂಡಿದರು, 2025ರಲ್ಲಿ ಅದು ರಾಜಿಯಾಯಿತು.

ಎಚ್ಚರಿಕೆ: ಫೇಸ್‌ಬುಕ್, ಇನ್‌ಸ್ಟಾಗ್ರಾಂನಲ್ಲಿ ಹೆಸರು ಹಾಕಿ ಬರೆಯುವುದು ಬೇರೆ ಮಾತು. ಮಾನನಷ್ಟ ಮೊಕದ್ದಮೆ ಬರಬಹುದು. ಪತ್ರಕರ್ತರ ಜೊತೆ ಮಾತಾಡುವ ಮೊದಲು, ಹೆಸರು ಹಾಕಬಹುದೋ ಬೇಡವೋ ಅನ್ನುವುದನ್ನು ತೀರ್ಮಾನಿಸಿಕೊಳ್ಳಿ. ಹೇಳಿಯಾದ ಮೇಲೆ ತೀರ್ಮಾನಿಸುವುದಲ್ಲ.

ಹಂತ 8: ಸೇಡು, ಸ್ಕಾಲರ್‌ಷಿಪ್, ವೀಸಾ

ದೂರು ಕೊಟ್ಟಿದ್ದಕ್ಕೆ ಆಡಿಸದಿರುವುದು, ಸ್ಕಾಲರ್‌ಷಿಪ್ ಕಿತ್ತುಕೊಳ್ಳುವುದು, ಬೆದರಿಸುವುದು ಕಾನೂನುಬಾಹಿರ. ಸ್ಯಾನ್ ಹೋಸೆ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಈಜು ಕೋಚ್ ಸೇಜ್ ಹಾಪ್ಕಿನ್ಸ್, ಟ್ರೇನರ್ ವಿರುದ್ಧ ತನ್ನ ತಂಡದ ಹುಡುಗಿಯರು ಹೇಳಿದ ದೂರನ್ನು 2009ರಲ್ಲೇ ಮುಟ್ಟಿಸಿದ್ದರು. ಟ್ರೇನರ್ ಮಾಡಿದ್ದು ಸರಿ ಅಂತ ಕಾಲೇಜು ತೀರ್ಮಾನಿಸಿತು. ಹಾಪ್ಕಿನ್ಸ್ ಬಿಡಲಿಲ್ಲ, ವರ್ಷಗಟ್ಟಲೆ ದಾಖಲೆ ಕೂಡಿಸುತ್ತಲೇ ಇದ್ದರು. ಕೊನೆಗೆ 2021ರಲ್ಲಿ ಕೇಂದ್ರ ನ್ಯಾಯ ಇಲಾಖೆ ಕಾಲೇಜಿನದ್ದೇ ತಪ್ಪು ಎಂದಿತು. ದೂರಿನ ಪರ ನಿಂತ ಸಿಬ್ಬಂದಿಯ ಮೇಲೆ ಸೇಡು ತೀರಿಸಿಕೊಂಡದ್ದೂ ಅದರಲ್ಲಿ ಸೇರಿತ್ತು. ಸಂತ್ರಸ್ತರಿಗೆ 16 ಲಕ್ಷ ಡಾಲರ್ ಕೊಡಿಸಿತು. ಸೇಡಿನ ಗುರುತು ಕಂಡರೆ ಅದನ್ನು ಪ್ರತ್ಯೇಕ ದೂರಾಗಿ ಕೊಡಿ, ಹಳೆಯ ದೂರಿನ ಜೊತೆ ಸೇರಿಸಿ ಸುಮ್ಮನಾಗಬೇಡಿ.

ಎಫ್-1, ಅಂದರೆ ವಿದ್ಯಾರ್ಥಿ ವೀಸಾದಲ್ಲಿರುವವರ ಭಯ ಒಂದೇ, ದೂರು ಕೊಟ್ಟರೆ ವಾಪಸ್ ಕಳಿಸುತ್ತಾರಾ? ದೂರು ಕೊಡುವುದರಿಂದ ವೀಸಾ ಸ್ಥಿತಿ ಹೋಗುವುದಿಲ್ಲ. ಹೋಗುವುದು ಬೇರೆ ಕಾರಣಕ್ಕೆ. ಮನಸ್ಸು ಕೆಟ್ಟು ತರಗತಿಗೆ ಹೋಗದೆ, ಕೇಳದೇ ಕೋರ್ಸ್ ಬಿಟ್ಟರೆ ಸ್ಥಿತಿ ಕೆಡುತ್ತದೆ. ಬಿಡುವ ಮುಂಚೆ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯ ಅಧಿಕಾರಿಯ ಅನುಮತಿ ಪಡೆಯಿರಿ. ವೈದ್ಯರ ಅಥವಾ ಮನಶ್ಶಾಸ್ತ್ರಜ್ಞರ ಪತ್ರ ಇದ್ದರೆ ಆರೋಗ್ಯದ ಕಾರಣಕ್ಕೆ ಕೋರ್ಸ್ ಕಡಿಮೆ ಮಾಡಿಕೊಳ್ಳಲು ಅವಕಾಶವಿದೆ, ಒಟ್ಟು 12 ತಿಂಗಳವರೆಗೆ. ಕೆಲವು ಅಪರಾಧಗಳಲ್ಲಿ ಪೊಲೀಸರಿಗೆ ಸಹಕರಿಸಿದ ಸಂತ್ರಸ್ತರಿಗೆ ಯು ವೀಸಾ ಅಂತಲೂ ಇದೆ. ಅದಕ್ಕೆ ಸಾಲು ಬಹಳ ಉದ್ದ. ವಲಸೆ ವಕೀಲರನ್ನು ಕೇಳಿ, ಕೋಚ್‌ನನ್ನಲ್ಲ.

ಹಂತ 9: ಮೊಕದ್ದಮೆ, ಮತ್ತು ಹಳೆಯ ಘಟನೆಗಳು

ಕಾಲೇಜಿನ ಮೇಲೆ ಟೈಟಲ್ ನೈನ್ ಮೊಕದ್ದಮೆ ಹೂಡಿದರೆ ಒಂದು ವಿಷಯ ತೋರಿಸಲೇಬೇಕು: ಕ್ರಮ ತೆಗೆದುಕೊಳ್ಳುವ ಅಧಿಕಾರ ಇದ್ದವರಿಗೆ ವಿಷಯ ನಿಜವಾಗಿ ಗೊತ್ತಿತ್ತು, ಗೊತ್ತಿದ್ದೂ ಲೆಕ್ಕಿಸಲಿಲ್ಲ. 1998ರ ಸುಪ್ರೀಂ ಕೋರ್ಟ್ ತೀರ್ಪಿನ ಅಳತೆ ಇದು. ಹಂತ 3ರ ಇಮೇಲ್‌ಗಳು ಕೆಲಸಕ್ಕೆ ಬರುವುದು ಇಲ್ಲೇ. ವಕೀಲರು ಮೊದಲು ಮಾಡಬೇಕಾದದ್ದು, ದಾಖಲೆ ಅಳಿಸಬೇಡಿ ಅಂತ ಕಾಲೇಜಿಗೆ ಪತ್ರ ಕಳಿಸುವುದು. ಕೇಳಿ ಮಾಡಿಸಿ. ಇಂಥ ಕೇಸುಗಳಲ್ಲಿ ಬಹಳಷ್ಟು ವಕೀಲರು ಗೆದ್ದರೆ ಮಾತ್ರ ಪಾಲು ತೆಗೆದುಕೊಳ್ಳುತ್ತಾರೆ. ಪಾಲು ಎಷ್ಟು ಅನ್ನುವುದು ಮೊದಲೇ ಬರಹದಲ್ಲಿರಲಿ. ಬಾಯಿ ಬಿಡಬಾರದು ಅನ್ನುವ ಒಪ್ಪಂದಕ್ಕೆ ನಿಮ್ಮದೇ ವಕೀಲರು ಓದದೆ ಸಹಿ ಹಾಕಬೇಡಿ.

ಗಡುವು ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತದೆ, ಕೆಲವು ಕಡೆ ಒಂದೋ ಎರಡೋ ವರ್ಷ ಅಷ್ಟೇ. "ಹತ್ತು ವರ್ಷ ಆಯಿತು, ಇನ್ನೇನು" ಅನ್ನುವವರಿಗೂ ಒಂದು ಬಾಗಿಲು ತೆರೆದಿದೆ. ಒಹಾಯೊ ಸ್ಟೇಟ್ ಕೇಸಿನಲ್ಲಿ ಮೇಲ್ಮನವಿ ನ್ಯಾಯಾಲಯ 2022ರಲ್ಲಿ ಹೇಳಿದ್ದು ಹೀಗೆ: ಕಾಲೇಜಿಗೆ ಮೊದಲೇ ಗೊತ್ತಿತ್ತು ಎಂಬುದು ಸಂತ್ರಸ್ತರ ಅರಿವಿಗೆ ಬಂದಾಗಿನಿಂದ, ಅಥವಾ ಬರಬೇಕಿದ್ದಾಗಿನಿಂದ, ಗಡುವಿನ ಎಣಿಕೆ ಶುರುವಾಗಬಹುದು. ಈ ತೀರ್ಪು ಆ ನ್ಯಾಯಾಲಯದ ವ್ಯಾಪ್ತಿಯ ಮಿಷಿಗನ್, ಒಹಾಯೊ, ಕೆಂಟಕಿ, ಟೆನೆಸ್ಸಿಗೆ ನೇರವಾಗಿ ಅನ್ವಯ. ಬೇರೆ ರಾಜ್ಯದಲ್ಲಿದ್ದರೆ ಅಲ್ಲಿನ ವಕೀಲರನ್ನೇ ಕೇಳಬೇಕು.

ಮಿಷಿಗನ್ ವಿಶ್ವವಿದ್ಯಾಲಯದ (ಇದು ಮಿಷಿಗನ್ ಸ್ಟೇಟ್ ಅಲ್ಲ, ಬೇರೆ) ಒಬ್ಬ ಕುಸ್ತಿಪಟು ತಂಡದ ವೈದ್ಯನ ಬಗ್ಗೆ 1975ರಲ್ಲೇ ಕೋಚ್‌ಗೆ ಪತ್ರ ಬರೆದಿದ್ದರು. ತಂಡದಿಂದ ಹೊರಹಾಕಿದ್ದು ಅವರನ್ನೇ. ನಾಸರ್ ಸುದ್ದಿ ಕೇಳಿದ ಮೇಲೆ, 2018ರಲ್ಲಿ, ಅಥ್ಲೆಟಿಕ್ ಡೈರೆಕ್ಟರ್‌ಗೆ ಇನ್ನೊಂದು ಪತ್ರ ಬರೆದರು. ಈ ಸಲ ಅದು ಪೊಲೀಸರ ಕೈಗೆ ಹೋಯಿತು. 2022ರಲ್ಲಿ ವಿಶ್ವವಿದ್ಯಾಲಯ ಸಾವಿರಕ್ಕೂ ಹೆಚ್ಚು ಮಂದಿಗೆ 49 ಕೋಟಿ ಡಾಲರ್ ಕೊಡಲು ಒಪ್ಪಿತು. ಹಾಗಾಗಿ ಹಳೆಯ ಪೆಟ್ಟಿಗೆ, ಹಳೆಯ ಇಮೇಲ್ ಖಾತೆ, ಆಗ ಅಮ್ಮನಿಗೋ ಅಣ್ಣನಿಗೋ ಕಳಿಸಿದ ಸಂದೇಶ, ಎಲ್ಲವನ್ನೂ ಒಮ್ಮೆ ಹುಡುಕಿ ನೋಡಿ. ಸಿಕ್ಕಿದ್ದರ ಫೋಟೋ ತೆಗೆದು ದಿನಾಂಕ ಬರೆದಿಡಿ. ಮೂಲ ಪ್ರತಿಯನ್ನು ಯಾರಿಗೂ, ವಕೀಲರಿಗೂ, ರಸೀದಿ ಇಲ್ಲದೆ ಕೊಡಬೇಡಿ.